ಮೊದಲ ಹ್ಯಾಂಡಿ ಯಾವುದು ತೆಗೊಳ್ಳುದು? ಉಡುಪಿಯಲ್ಲಿ ಇರುದು, ಹ್ಯಾಮ್‌ಗೆ ಪೂರ್ತಿ ಹೊಸಬ

ಅಂಬಲಪಾಡಿ_ಹೊಸಬ:

ಎಲ್ರಿಗೂ ನಮಸ್ಕಾರ. ಮನೆ ಉಡುಪಿ ಅಂಬಲಪಾಡಿ, ಕೆಲಸ ಮಣಿಪಾಲದಲ್ಲಿ. ರೇಡಿಯೋ ಅಂದ್ರೆ ಸಣ್ಣದಿರುವಾಗಿಂದ ಇಷ್ಟ, ಈಗ ಬರೀ ಕೇಳುದಲ್ಲ, ಮಾತಾಡ್ಲಿಕ್ಕೂ ಆಗುವ ಒಂದು ಹ್ಯಾಂಡಿ, ಅಂದ್ರೆ ಕೈಯಲ್ಲಿ ಹಿಡಿಯುವ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ ಬೇಕು ಅಂತ ಮನಸ್ಸಾಗಿದೆ. ವಿಡಿಯೋ ನೋಡಿದ್ರೆ ಒಬ್ಬರು ಬಾವೋಫೆಂಗ್ ಯುವಿ-5ಆರ್ ಸಾಕು ಅಂತಾರೆ, ಇನ್ನೊಬ್ಬರು ಕ್ವಾನ್‌ಶೆಂಗ್ ಯುವಿ-ಕೆ5 ಅಂತಾರೆ, ಮತ್ತೊಬ್ಬರು ಚೈನಾ ಸೆಟ್ ಮುಟ್ಟಲೇ ಬೇಡಿ ಯಾಸು ಎಫ್‌ಟಿ-65 ತೆಗೊಳ್ಳಿ ಅಂತಾರೆ. ಬಜೆಟ್ ಹತ್ತು ಸಾವಿರದ ಒಳಗೆ.

ನನಗೆ ಬೇಕಾದದ್ದು ಹೀಗೆ: ಮಂಗಳೂರು ಬಿಜೈಯಲ್ಲಿ ಒಬ್ಬ ಫ್ರೆಂಡ್ ಇದ್ದಾನೆ, ಅಪಾರ್ಟ್‌ಮೆಂಟ್ ಆರನೇ ಮಾಳಿಗೆ, ಅವನತ್ರ ಮಾತಾಡ್ಲಿಕ್ಕೆ ಆಗ್ಬೇಕು. ಮತ್ತೆ ನಾವು ನಾಲ್ಕೈದು ಜನ ಕುದುರೆಮುಖ ಕಡೆ ಟ್ರೆಕ್ ಹೋಗ್ತೇವೆ, ಅಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ, ಆಗಲೂ ಉಪಯೋಗ ಆಗ್ಬೇಕು. 5 ವ್ಯಾಟ್ ಸಾಕಾ, 8 ವ್ಯಾಟಿಂದು ತೆಗೊಳ್ಳುದಾ? ಲೈಸೆನ್ಸ್ ಬೇಕು ಅಂತ ಗೊತ್ತುಂಟು, ಆದ್ರೆ ಸೆಟ್ ಮೊದಲು ತೆಗೊಂಡು ಕೇಳ್ತಾ ಇದ್ದು ಪರೀಕ್ಷೆ ನಿಧಾನಕ್ಕೆ ಬರೆದ್ರೆ ಆಗ್ತದಾ? ದಯವಿಟ್ಟು ಹೇಳಿ.

ಕದ್ರಿ_ಗುಡ್ಡೆ:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಆಗುದಿಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ. ನಮ್ಮಲ್ಲಿ ಟ್ರಾನ್ಸ್‌ಮಿಟರ್ ಇರುವ ಸೆಟ್ಟಿನಲ್ಲಿ ಮಾತಾಡ್ಲಿಕ್ಕೆ ಮಾತ್ರ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೂ ಪರ್ಮಿಶನ್ ಬೇಕು, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಹಾಗೇ. ಆನ್‌ಲೈನಲ್ಲಿ ಆರ್ಡರ್ ಹಾಕಿದ್ರೆ ಬಂತಲ್ಲ ಅಂತ ಅದು ಸರಿ ಅಂತ ಅಲ್ಲ. 2025 ಮೇ ತಿಂಗಳಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಇ-ಕಾಮರ್ಸ್ ಕಂಪನಿಗಳಿಗೆ ನೋಟಿಸ್ ಕೊಟ್ಟದ್ದು, ಫ್ರೀಕ್ವೆನ್ಸಿ ಯಾವುದು, ಲೈಸೆನ್ಸ್ ಬೇಕಾ ಬೇಡ್ವಾ ಅಂತ ಏನೂ ಹೇಳದೆ ವಾಕಿಟಾಕಿ ಮಾರ್ತಾರೆ ಅಂತ. ಅದರಲ್ಲೂ ನಾವಿರುದು ಕರಾವಳಿ, ಬಂದರು, ಏರ್‌ಪೋರ್ಟ್, ಕೋಸ್ಟ್ ಗಾರ್ಡ್ ಎಲ್ಲ ಇರುವ ಜಾಗ. ಇಲ್ಲಿ ಲೈಸೆನ್ಸ್ ಇಲ್ಲದ ಸೆಟ್ ಕೈಯಲ್ಲಿ ಹಿಡ್ಕೊಂಡು ತಿರುಗುದು ಅಂದ್ರೆ ಸಣ್ಣ ವಿಷಯ ಅಲ್ಲ.

ಪರೀಕ್ಷೆಗೆ ಹೆದರ್ಬೇಡಿ. ಎರಡು ಗ್ರೇಡ್ ಉಂಟು, ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಕೋಡ್ ಬೇಡ, ಪಾಸಾದ್ರೆ ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದ್ರೆ ರೇಡಿಯೋದಲ್ಲಿ ನಮ್ಮ ಗುರುತಿನ ಹೆಸರು, ಸಿಗ್ತದೆ. ಜನರಲ್‌ಗೆ ನಿಮಿಷಕ್ಕೆ 8 ಪದದ ಸ್ಪೀಡಲ್ಲಿ ಮೋರ್ಸ್ ಬರ್ಬೇಕು, ಅದಕ್ಕೆ ವಿಯು2. 12 ವರ್ಷ ತುಂಬಿದ ಮಕ್ಕಳೇ ಬರೀಬಹುದು ಅಂದ ಮೇಲೆ ನಿಮಗೆ ಎಂತ ಕಷ್ಟ? ಓಮ್ಸ್ ಲಾ, ರೆಸೊನೆನ್ಸ್, ಮಾಡ್ಯುಲೇಶನ್, ಕ್ಯೂ ಕೋಡ್ (ರೇಡಿಯೋದವರ ಮೂರಕ್ಷರದ ಸಂಕೇತ), ಮತ್ತೆ ರೂಲ್ಸ್, ಹೆಚ್ಚುಕಮ್ಮಿ ಇಷ್ಟೇ. ಅರ್ಜಿ ಹಾಕ್ಲಿಕ್ಕೆ ಸರಳ್ ಸಂಚಾರ್ ಪೋರ್ಟಲ್ ಉಂಟು. ನಮ್ಮ ಮಂಗಳೂರಲ್ಲೇ ಕೇಂದ್ರ ಸರ್ಕಾರದ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಇದೆ, ಅಲ್ಲಿ ಮುಂದಿನ ಪರೀಕ್ಷೆ ಯಾವಾಗ ಅಂತ ವಿಚಾರಿಸಿ. ಪಾಸಾದ ಮೇಲೆ ಲೈಸೆನ್ಸ್ ಕೈಗೆ ಬರ್ಲಿಕ್ಕೆ ಕೆಲವು ಸಲ ತಿಂಗಳುಗಟ್ಟಲೆ ಆಗ್ತದೆ, ಅದಕ್ಕೇ ಹೇಳುದು, ಸೆಟ್ ಹುಡುಕುವ ಮೊದಲು ಅರ್ಜಿ ಹಾಕಿಬಿಡಿ.

ಅಷ್ಟರವರೆಗೆ ಕೇಳ್ಲಿಕ್ಕೆ ಸೆಟ್ ಯಾಕೆ? ವೆಬ್‌ಎಸ್‌ಡಿಆರ್ ಅಂತ ಸರ್ಚ್ ಮಾಡಿ, ಮೊಬೈಲಲ್ಲೇ ಬೇರೆ ಬೇರೆ ದೇಶದ ರಿಸೀವರ್ ತಿರುಗಿಸಿ ಕೇಳಬಹುದು, ನೆದರ್‌ಲ್ಯಾಂಡ್ಸಿನ ಟ್ವೆಂಟೆ ಯೂನಿವರ್ಸಿಟಿದ್ದು ತುಂಬಾ ಒಳ್ಳೆದುಂಟು. ಜನ ಹೇಗೆ ಕರೀತಾರೆ, ಕಾಲ್‌ಸೈನ್ ಹೇಗೆ ಹೇಳ್ತಾರೆ, ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡ್ತಾರೆ ಅಂತೆಲ್ಲ ಅಲ್ಲೇ ಕಿವಿಗೆ ಬೀಳ್ತದೆ.

ಟ್ರೆಕ್ಕಿಂಗ್ ವಿಷಯ ಬೇರೆ. ಹ್ಯಾಮ್ ಸೆಟ್ಟಲ್ಲಿ ಮಾತಾಡ್ಬೇಕಿದ್ರೆ ಆ ನಾಲ್ಕೈದು ಜನಕ್ಕೂ ಲೈಸೆನ್ಸ್ ಬೇಕು. ಅದಕ್ಕಿಂತ 446.0ರಿಂದ 446.2 ಮೆಗಾಹರ್ಟ್ಜ್‌ನ ಅರ್ಧ ವ್ಯಾಟ್ ವಾಕಿಟಾಕಿ ತೆಗೊಳ್ಳಿ, 2018ರಿಂದ ಅದಕ್ಕೆ ಲೈಸೆನ್ಸ್ ಬೇಡ. ಆದ್ರೆ ಇಟಿಎ (ಸಲಕರಣೆಗೆ ಸರ್ಕಾರದ ಒಪ್ಪಿಗೆ) ಸರ್ಟಿಫಿಕೇಟ್ ಇರುವ ಮಾಡೆಲ್ಲೇ ಆಗ್ಬೇಕು, ಬಾವೋಫೆಂಗನ್ನು 446ಕ್ಕೆ ಟ್ಯೂನ್ ಮಾಡಿದ್ರೆ ಅದು ಲೈಸೆನ್ಸ್ ಬೇಡದ ಸೆಟ್ ಆಗುದಿಲ್ಲ. ಘಟ್ಟದ ಕಾಡಲ್ಲಿ ಹೆಚ್ಚು ದೂರ ಹೋಗ್ಲಿಕ್ಕಿಲ್ಲ, ಮುಂದೆ ಹೋದವರು ಹಿಂದೆ ಉಳಿದವರನ್ನು ಕರೀಲಿಕ್ಕೆ ಸಾಕು.

ಟೆರೇಸ್_ಆಂಟೆನಾ:

ಕದ್ರಿಯವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ದೂರದ ಲೆಕ್ಕ ಹೇಳ್ತೇನೆ, ಯಾಕಂದ್ರೆ ಹೊಸಬರು ವ್ಯಾಟ್ ನೋಡಿ ಸೆಟ್ ತೆಗೊಳ್ತಾರೆ, ನೋಡ್ಬೇಕಾದ್ದು ಎತ್ತರ.

ಹ್ಯಾಂಡಿಯಲ್ಲಿ ಇರುದು ವಿಎಚ್‌ಎಫ್ ಯುಎಚ್‌ಎಫ್, ಅಂದ್ರೆ ತುಂಬಾ ಹೆಚ್ಚು ಫ್ರೀಕ್ವೆನ್ಸಿಯ ತರಂಗ, ನಮ್ಮ ದೇಶದಲ್ಲಿ 2 ಮೀಟರ್ ಬ್ಯಾಂಡ್ ಅಂದ್ರೆ 144ರಿಂದ 146 ಮೆಗಾಹರ್ಟ್ಜ್. ಈ ತರಂಗ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟೇ ದೂರ ಹೋಗುದು, ಸ್ವಲ್ಪ ಬಾಗಿ ಇನ್ನೊಂಚೂರು ಹೆಚ್ಚು. ಆಂಟೆನಾದ ಎತ್ತರ ಮೀಟರಲ್ಲಿ ತೆಗೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದ್ರೆ ಎಷ್ಟು ಕಿಲೋಮೀಟರ್ ಅಂತ ಸಿಗ್ತದೆ. ನೆಲದ ಮೇಲೆ ನಿಂತು ಕೈಯಲ್ಲಿ ಹಿಡ್ಕೊಂಡ್ರೆ ಒಂದೂವರೆ ಮೀಟರ್, ಅಂದ್ರೆ 5 ಕಿಮೀ. ಇಬ್ಬರದ್ದೂ ಸೇರಿ 10, ಅದೂ ನಡುವೆ ಗುಡ್ಡೆ ಕಟ್ಟಡ ಎಂತದೂ ಇಲ್ಲದಿದ್ರೆ.

ಈಗ ನಿಮ್ಮ ಕೇಸ್. ಅಂಬಲಪಾಡಿಯಿಂದ ಬಿಜೈಗೆ ನೇರ ಗೆರೆ ಎಳೆದ್ರೆ ಸುಮಾರು 50 ಕಿಮೀ. ಫ್ರೆಂಡಿನ ಆರನೇ ಮಾಳಿಗೆ, ಜಾಗದ ಎತ್ತರ ಸೇರಿಸಿ 40 ಮೀಟರ್ ಅಂತ ಹಿಡಿಯುವ, 26 ಕಿಮೀ ಆಯ್ತು. ನಿಮ್ಮ ಮನೆ ಟೆರೇಸ್ ಸಮುದ್ರ ಮಟ್ಟದಿಂದ 20 ಮೀಟರ್ ಅಂತ ಇಟ್ಟುಕೊಂಡ್ರೆ 18. ಒಟ್ಟು 44, ಮುಟ್ಟುದಿಲ್ಲ. ಅದೇ ಮಣಿಪಾಲದಲ್ಲಿ ನಿಂತು ನೋಡಿ, ಆ ಗುಡ್ಡೆಯೇ ಹತ್ತಿರ ಹತ್ತಿರ 75 ಮೀಟರ್ ಉಂಟು, ಮೇಲೆ ಒಂದು 20 ಮೀಟರ್ ಕಟ್ಟಡ ಅಂದ್ರೆ 40 ಕಿಮೀ ಒಬ್ಬರದ್ದೇ. ಒಟ್ಟು 66. ಲೆಕ್ಕದಲ್ಲಿ ಆರಾಮ ಮುಟ್ತದೆ. ಅಂದ್ರೆ ನಿಮ್ಮ ಆಫೀಸಿನ ಟೆರೇಸಿಂದ ಆಗುವ ಮಾತು ಮನೆ ಅಂಗಳದಿಂದ ಆಗುದಿಲ್ಲ, ಸೆಟ್ ಎಷ್ಟೇ ರೇಟಿಂದು ಇರ್ಲಿ.

5 ವ್ಯಾಟಿಂದ 8 ವ್ಯಾಟಿಗೆ ಹೋದ್ರೆ ಸಿಗುದು 2 ಡಿಬಿ (ಸಿಗ್ನಲ್ ಬಲ ಎಷ್ಟು ಹೆಚ್ಚುಕಮ್ಮಿ ಅಂತ ಹೇಳುವ ಅಳತೆ). ಸೆಟ್ಟಿನ ಸಿಗ್ನಲ್ ಮೀಟರಲ್ಲಿ ಒಂದು ಎಸ್ ಯುನಿಟ್, ಅಂದ್ರೆ ಒಂದು ಅಂಕೆ, ಏರ್ಲಿಕ್ಕೇ 6 ಡಿಬಿ ಬೇಕು. ಆಚೆಯವನಿಗೆ ವ್ಯತ್ಯಾಸವೇ ಗೊತ್ತಾಗ್ಲಿಕ್ಕಿಲ್ಲ, ನಿಮ್ಮ ಬ್ಯಾಟರಿ ಮಾತ್ರ ಬೇಗ ಖಾಲಿ. ಅದರ ಬದ್ಲು ಸೆಟ್ ಜೊತೆ ಬರುವ ರಬ್ಬರ್ ಆಂಟೆನಾ ತೆಗೆದು ಉದ್ದದ್ದು ಹಾಕಿ. ಇನ್ನೂ ಒಳ್ಳೆದು ನೀವೇ ಒಂದು ಗ್ರೌಂಡ್‌ಪ್ಲೇನ್ ಆಂಟೆನಾ ಮಾಡಿ: ಕೇಬಲ್ ಸಿಕ್ಕಿಸುವ ಒಂದು ಎಸ್‌ಒ-239 ಸಾಕೆಟ್, ನಡುವಿಗೆ ನೆಟ್ಟಗೆ ಒಂದು ತಂತಿ ಸುಮಾರು 49 ಸೆಂಟಿಮೀಟರ್, ನಾಲ್ಕು ಮೂಲೆಗೆ ಅದಕ್ಕಿಂತ ಚೂರು ಉದ್ದದ ನಾಲ್ಕು ತಂತಿ ಕೊಡೆ ಕಡ್ಡಿ ಥರ ಕೆಳಗೆ ಬಗ್ಗಿಸಿ, ಮುಗೀತು. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಸೆಟ್ಟಿಗೆ ಹೊಂದ್ತದಾ ಅಂತ ನೋಡುವ ಮೀಟರ್) ಇರುವ ಯಾರಾದ್ರೂ ಹತ್ರ ಒಮ್ಮೆ ಚೆಕ್ ಮಾಡಿಸಿ ತುದಿ ಕಟ್ ಮಾಡ್ತಾ ಸರಿ ಮಾಡ್ಕೊಳ್ಳಿ. ಕೇಬಲ್ ಮಾತ್ರ ಸಣ್ಣ ಆರ್‌ಜಿ-58 ಉದ್ದಕ್ಕೆ ಎಳೀಬೇಡಿ, 10 ಮೀಟರಲ್ಲೇ ಈ ಫ್ರೀಕ್ವೆನ್ಸಿಗೆ ಹತ್ತಿರ 2 ಡಿಬಿ ಹೋಗ್ತದೆ.

ಸೆಟ್ ಯಾವುದು ಅಂತ ಕೇಳಿದ್ರೆ ನನ್ನ ಓಟು ಯಾಸುವಿಗೆ. ಬಾವೋಫೆಂಗ್ ಕಲೀಲಿಕ್ಕೆ ಕೆಟ್ಟದ್ದಲ್ಲ, ಆದ್ರೆ ಅದರ ರಿಸೀವರಿಗೆ ಹತ್ರದಲ್ಲಿ ದೊಡ್ಡ ಸಿಗ್ನಲ್ ಇದ್ರೆ ಕಿವಿ ಕಟ್ಟಿದ ಹಾಗೆ ಆಗ್ತದೆ, ಮಂಗಳೂರಲ್ಲಿ ಟವರುಗಳ ಹತ್ರ ದೊಡ್ಡ ಆಂಟೆನಾ ಹಾಕಿದಷ್ಟೂ ಅದು ಜಾಸ್ತಿ. ಮತ್ತೆ ಕೆಲವು ಪೀಸುಗಳಲ್ಲಿ ಹಾರ್ಮೋನಿಕ್ಸ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗ್ತದೆ, ನಾವು 145ರಲ್ಲಿ ಮಾತಾಡಿದ್ದು 290ರಲ್ಲೂ ಕೇಳಿದ್ರೆ ಬೇರೆಯವರಿಗೆ ತೊಂದರೆ.

ಮಲ್ಪೆ_ಬಂದರು:

ಒಂದು ವಿಷಯ ಯಾರೂ ಹೇಳ್ಲಿಲ್ಲ, ಇದು ನಮ್ಮ ಊರಿಗೆ ತುಂಬಾ ಮುಖ್ಯ. ಈ ಚೈನಾ ಹ್ಯಾಂಡಿಗಳು 136ರಿಂದ 174 ಮೆಗಾಹರ್ಟ್ಜ್‌ವರೆಗೆ ಎಲ್ಲಾ ಕಡೆ ಪಿಟಿಟಿ (ಮಾತಾಡುವ ಬಟನ್) ಒತ್ತಿದ್ರೆ ಟ್ರಾನ್ಸ್‌ಮಿಟ್ ಆಗ್ತದೆ. ಅದರೊಳಗೆ ಮೆರೈನ್ ಬ್ಯಾಂಡೂ ಬರ್ತದೆ. 156.8 ಅಂದ್ರೆ ಚಾನೆಲ್ 16, ಬೋಟಿಗೆ ಅಪಾಯ ಆದ್ರೆ ಸಹಾಯಕ್ಕೆ ಕರೆಯುವ ಚಾನೆಲ್. ಮಳೆಗಾಲ ಮುಗಿದು ಬೋಟುಗಳು ಇಳಿದ ಮೇಲೆ ಅಲ್ಲಿ ಯಾರಾದ್ರೂ ಹಲೋ ಹಲೋ ಟೆಸ್ಟಿಂಗ್ ಅಂದ್ರೆ ಎಂತ ಆಗ್ಬಹುದು ಯೋಚಿಸಿ. ನಮ್ಮ ಮನೆಯವರೇ ಕಡಲಲ್ಲಿ ಇರ್ತಾರೆ ಮಾರಾಯ್ರೆ. ಸೆಟ್ ತೆಗೊಂಡ ದಿನವೇ ಸೆಟ್ಟಿಗೆ ಚಾನೆಲ್ ತುಂಬಿಸುವ ಚಿರ್ಪ್ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕಿ, ಅದು ಫ್ರೀ, ಕೇಬಲ್ ಒಂದು ಬೇಕು, ಹ್ಯಾಮ್ ಬ್ಯಾಂಡಿನ ಚಾನೆಲ್ ಮಾತ್ರ ಮೆಮೊರಿಗೆ ಹಾಕಿ, ಚಾನೆಲ್ ಮೋಡಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ರೆ ಕೀಪ್ಯಾಡ್ ಲಾಕ್ ಕೂಡ ಮಾಡಿ.

ಬಜ್ಪೆ ವಿಮಾನದ ಮಾತು ಕೇಳಬಹುದಾ ಅಂತ ಕೆಲವರು ಯುವಿ-5ಆರ್ ತೆಗೊಳ್ತಾರೆ. ವಿಮಾನದ್ದು ಎಎಂ, ಆ ಸೆಟ್ಟಿನಲ್ಲಿ ಇರುದು ಎಫ್‌ಎಂ, ಅದಕ್ಕೋಸ್ಕರ ತೆಗೊಳ್ಬೇಡಿ.

ಏಳು_ಮೆಗಾಹರ್ಟ್ಜ್_ಕಾರ್ಕಳ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಮೊದಲ ಸೆಟ್ ಹ್ಯಾಂಡಿಯೇ ಆಗ್ಬೇಕು ಅಂತ ಯಾಕೆ? ನಮ್ಮ ಜಾಗ ನೋಡಿ, ಪಡುವಕ್ಕೆ ಕಡಲು, ಮೂಡಕ್ಕೆ ಘಟ್ಟ ಗೋಡೆಯ ಹಾಗೆ ನಿಂತಿದೆ. ಹ್ಯಾಂಡಿ ಹಿಡ್ಕೊಂಡು ಕೂತ್ರೆ ಬೆಂಗಳೂರು ಬಿಡಿ, ಘಟ್ಟದ ಮೇಲಿನ ಕೊಪ್ಪವೂ ಸಿಗುದು ಕಷ್ಟ. ಲೈಸೆನ್ಸ್ ಬಂದ ಉಮೇದಿನಲ್ಲಿ ಹ್ಯಾಂಡಿ ತೆಗೊಂಡು, ಕರೆದ್ರೆ ಯಾರೂ ಓ ಅನ್ನದೆ, ಮೂರು ತಿಂಗಳಲ್ಲಿ ಕಪಾಟಿಗೆ ಹಾಕಿದವರನ್ನು ತುಂಬಾ ನೋಡಿದ್ದೇನೆ, ಅದು ನೋಡ್ಲಿಕ್ಕೆ ನಿಜಕ್ಕೂ ಬೇಸರ ಆಗ್ತದೆ.

40 ಮೀಟರ್ ಬ್ಯಾಂಡ್, ಅಂದ್ರೆ 7.0ರಿಂದ 7.2 ಮೆಗಾಹರ್ಟ್ಜ್, ಹಾಗಲ್ಲ. ಅಲ್ಲಿ ಸಿಗ್ನಲ್ ಮೇಲೆ ಹೋಗಿ ವಾತಾವರಣದ ಮೇಲಿನ ಅಯನೋಸ್ಫಿಯರ್ ಪದರಕ್ಕೆ ಬಡಿದು ಕೆಳಗೆ ಬರುದು, ಘಟ್ಟ ಅಡ್ಡ ಬರುದೇ ಇಲ್ಲ. ಹಗಲು ಹೊತ್ತಲ್ಲಿ ಬೆಂಗಳೂರು, ಕೇರಳ, ಹೈದರಾಬಾದ್ ಎಲ್ಲ ಕೇಳ್ತದೆ, ಬೆಳಿಗ್ಗೆ ಬೆಳಿಗ್ಗೆ ನೆಟ್‌ಗಳು (ಹೇಳಿದ ಹೊತ್ತಿಗೆ ಎಲ್ಲರೂ ಸೇರಿ ಮಾತಾಡುವ ಕೂಟ) ನಡೀತವೆ, ಹೊಸಬರು ಬಂದ್ರೆ ಪ್ರೀತಿಯಿಂದ ಮಾತಾಡಿಸ್ತಾರೆ. ರಿಸ್ಟ್ರಿಕ್ಟೆಡ್ ಗ್ರೇಡಿನವರಿಗೂ ಅಲ್ಲಿ ಮಾತಾಡ್ಲಿಕ್ಕೆ ಅವಕಾಶ ಉಂಟು. 2004ರ ಸುನಾಮಿ ಟೈಮಲ್ಲಿ ಪೋರ್ಟ್ ಬ್ಲೇರಲ್ಲಿ ಭಾರತಿ ಪ್ರಸಾದ್ ಅವರು ಹ್ಯಾಮ್ ಎಕ್ಸ್‌ಪೆಡಿಶನ್‌ಗೆ ಅಂತ ಹೋದವರು ಇದ್ರು, ಫೋನೆಲ್ಲ ಹೋದ ಮೇಲೆ ಅಂಡಮಾನಿನ ಸುದ್ದಿ ಮೇನ್‌ಲ್ಯಾಂಡಿಗೆ ದಾಟಿದ್ದು ಅವರ ಎಚ್‌ಎಫ್ ಸೆಟ್ಟಿಂದ, ಅಂದ್ರೆ 40 ಮೀಟರಿನಂಥ ಕಡಿಮೆ ಫ್ರೀಕ್ವೆನ್ಸಿ ಬ್ಯಾಂಡಿನ ಸೆಟ್ಟಿಂದ. ಹ್ಯಾಂಡಿಯಿಂದ ಆಗುವ ಕೆಲಸ ಅಲ್ಲ ಅದು.

ಸೆಟ್ಟಿಗೆ ಲಕ್ಷ ಬೇಕು ಅಂತಲೂ ಇಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಅಂತ ಡಿಸೈನ್ ಉಂಟು, ಸುಲಭಕ್ಕೆ ಸಿಗುವ ಪಾರ್ಟ್ಸಲ್ಲೇ ಮಾಡ್ಲಿಕ್ಕೆ ಆಗ್ಬೇಕು ಅಂತಲೇ ಮಾಡಿದ್ದು, ಮೊದಲಿನ ಡಿಸೈನಲ್ಲಿ ಕಾಯಿಲ್ ಸುತ್ತಲಿಕ್ಕೆ ನಲ್ಲಿಯ ವಾಷರ್ ಉಪಯೋಗಿಸಿದ್ರು. ಈಗ ಮೈಕ್ರೋಬಿಟ್‌ಎಕ್ಸ್ ಕಿಟ್ ಕೂಡ ಉಂಟು, 10 ವ್ಯಾಟ್ ಹತ್ತಿರ ಬರ್ತದೆ. ಕಿಟ್ ತೆಗೊಂಡ್ರೆ ನಿಮ್ಮ ಬಜೆಟ್ ದಾಟ್ತದೆ, ನಾನು ಮುಚ್ಚಿಡುದಿಲ್ಲ, ಆದ್ರೆ ಲೈಸೆನ್ಸ್ ಬರುವವರೆಗೆ ಸ್ವಲ್ಪ ಸ್ವಲ್ಪ ಕೂಡಿಡಿ. ಆಂಟೆನಾಕ್ಕೆ ಖರ್ಚೇ ಇಲ್ಲ ಅನ್ನಬಹುದು: ತಾಮ್ರದ ವಯರ್ ಒಟ್ಟು 66 ಅಡಿ, ನಡುವೆ ಕಟ್ ಮಾಡಿ ಎರಡು ಕಡೆ 33 ಅಡಿ, ಕಾಂಪೌಂಡಲ್ಲಿ ಎರಡು ತೆಂಗಿನ ಮರ ಇದ್ರೆ ಡೈಪೋಲ್ ರೆಡಿ. ಮರ ಗಾಳಿಗೆ ಆಡ್ತದಲ್ಲ, ಬಿಗಿಯಾಗಿ ಕಟ್ಬೇಡಿ, ಒಂದು ತುದಿಗೆ ರಾಟೆ ಹಾಕಿ ಹಗ್ಗಕ್ಕೆ ಭಾರ ನೇತು ಹಾಕಿ, ಇಲ್ಲದಿದ್ರೆ ಜೂನಿನ ಮೊದಲ ಗಾಳಿಗೇ ತುಂಡಾಗ್ತದೆ.

ಅಂಬಲಪಾಡಿ_ಹೊಸಬ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗ್ತದೆ ಅಂತ ಅಂದ್ಕೊಂಡಿರ್ಲಿಲ್ಲ. ಕಾರ್ಟಲ್ಲಿ ಹಾಕಿದ್ದ ಸೆಟ್ ತೆಗೆದೆ. ಅರ್ಜಿ ಈ ವಾರವೇ ಹಾಕ್ತೇನೆ, ಬಿಜೈ ಫ್ರೆಂಡಿಗೂ ಹೇಳಿದೆ, ಅವನೂ ಬರೀತಾನಂತೆ. ಟ್ರೆಕ್ಕಿಗೆ 446ರದ್ದೇ ನೋಡ್ತೇವೆ. ಮನೆ ಹಿಂದೆ ತೆಂಗಿನ ಮರ ಉಂಟು, ಆದ್ರೆ ಎರಡರ ನಡುವೆ 50 ಅಡಿ ಮಾತ್ರ ಇರ್ಬಹುದು. ಕಾರ್ಕಳದವರೇ, ಅಷ್ಟರಲ್ಲಿ 66 ಅಡಿ ಹೇಗೆ? ಮತ್ತೆ ಟೆರೇಸ್ ಸರ್, ಯಾಸುವಿಗೆ ಬೇರೆ ಆಂಟೆನಾ ಹಾಕುವಾಗ ಬಾವೋಫೆಂಗಿಂದು ಆಗ್ತದಾ?

ಏಳು_ಮೆಗಾಹರ್ಟ್ಜ್_ಕಾರ್ಕಳ:

ನಡುವಿನ ಭಾಗವನ್ನು ಮನೆ ಮೇಲೆ ಒಂದು ಕಂಬಕ್ಕೆ ಎತ್ತಿ ಕಟ್ಟಿ, ಎರಡು ಕಡೆಯದ್ದನ್ನು ಇಳಿಜಾರಾಗಿ ಮರದ ಕಡೆ ತನ್ನಿ, ತಲೆಕೆಳಗಾದ ವಿ ಆಕಾರ. ಆಗ ಜಾಗ ಕಡಿಮೆ ಸಾಕು. ಉಳಿದ ತುದಿ ಕೆಳಗೆ ನೇತಾಡ್ಲಿ, ಕೈಗೆ ಸಿಗದಷ್ಟು ಎತ್ತರ ಇದ್ರೆ ಆಯ್ತು, ಟ್ರಾನ್ಸ್‌ಮಿಟ್ ಮಾಡುವಾಗ ತುದಿ ಮುಟ್ಟಿದ್ರೆ ಸುಡ್ತದೆ. ಕರೆಂಟಿನ ಲೈನ್ ಹತ್ರ ಮಾತ್ರ ಹೋಗ್ಲೇಬೇಡಿ. ಮತ್ತೆ ಏಪ್ರಿಲ್ ಮೇಯಲ್ಲಿ, ಅಕ್ಟೋಬರಲ್ಲಿ ಸಾಯಂಕಾಲ ಗುಡುಗು ಶುರುವಾಗುವ ಮೊದಲೇ ಕೇಬಲ್ ಸೆಟ್ಟಿಂದ ತೆಗೆದು ಮನೆ ಹೊರಗೆ ಹಾಕಿ.

ಟೆರೇಸ್_ಆಂಟೆನಾ:

ನೇರ ಆಗುದಿಲ್ಲ. ಎರಡರದ್ದೂ ಎಸ್‌ಎಂಎ ಕನೆಕ್ಟರೇ, ಆದ್ರೆ ಗಂಡು ಹೆಣ್ಣು ಉಲ್ಟಾ, ಆರ್ಡರ್ ಮಾಡುವಾಗ ಅದು ನೋಡಿ. ಸೆಟ್ಟನ್ನು ಇಲ್ಲಿನ ಡೀಲರ್ ಹತ್ರವೇ ಬಿಲ್ ಸಮೇತ ತೆಗೊಳ್ಳಿ, ಲೈಸೆನ್ಸ್ ಕಾಪಿ ಕೇಳಿದ್ರೆ ಅವನು ಸರಿಯಾದವನು ಅಂತ ಲೆಕ್ಕ. ಇನ್ನೊಂದು, ಹೊರಗಿನ ಕನೆಕ್ಟರಿಗೆಲ್ಲ ಒಂದಕ್ಕೊಂದು ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಸಾದಾ ಇನ್ಸುಲೇಶನ್ ಟೇಪ್. ನಿಮ್ಮಲ್ಲಿ ಕಡಲು ಹತ್ರ, ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ಕನೆಕ್ಟರ್ ಒಳಗೆ ಹಸಿರು ಹಿಡೀತದೆ, ಆಮೇಲೆ ಸೆಟ್ ಹಾಳಾಗಿದೆ ಅಂತ ರಿಪೇರಿಗೆ ತಿರುಗುದು ಬೇಡ. ಪರೀಕ್ಷೆ ಡೇಟ್ ಗೊತ್ತಾದ್ರೆ ಇಲ್ಲೇ ಹಾಕಿ, ನನ್ನ ಹಳೆ ನೋಟ್ಸ್ ಉಂಟು, ಮಂಗಳೂರಿಗೆ ಬರುವಾಗ ಹೇಳಿದ್ರೆ ಕೊಡ್ತೇನೆ.