ಪದಚರ್ಚೆ: ಹನ್ನ, ಹನ್ನಾ, ಅನ್ನ – ಕೂಸಿಗೊಂದು ಚಿಕ್ಕ ಕ್ರೈಸ್ತ ಹೆಸರು

ಗೆಳೆಯರೇ,

ತಂಗಿಗೆ ಮುಂದಿನ ತಿಂಗಳು ಹೆರಿಗೆ. ಹೆಸರು ಹುಡುಕುವ ಕೆಲಸ ನನ್ನ ತಲೆಗೆ ಬಿದ್ದಿದೆ. ಅವಳ ಷರತ್ತು ಇಷ್ಟೇ: ಹೆಸರು ಬೈಬಲಿನದ್ದೋ ಸಂತರದ್ದೋ ಆಗಿರಬೇಕು, ಎರಡಕ್ಷರ ದಾಟಬಾರದು. ದಾಟಿದರೂ ಮೂರಕ್ಕೆ ನಿಲ್ಲಬೇಕು. ಹೆಣ್ಣೋ ಗಂಡೋ ಗೊತ್ತಿಲ್ಲ (ನಮ್ಮ ದೇಶದಲ್ಲಿ ಮೊದಲೇ ಕೇಳುವಂತೆಯೂ ಇಲ್ಲ, ಒಳ್ಳೆಯದೇ). ಹಾಗಾಗಿ ಎರಡೂ ಕಡೆಯ ಹೆಸರು ಬೇಕು.

ನಾವು ಧಾರವಾಡದ ಕಡೆಯ ಪ್ರಾಟೆಸ್ಟೆಂಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆಲ್ಲ ಬಂತಲ್ಲ, ಆ ಬಳ್ಳಿಯವರು. ಭಾವನ ಮನೆಯವರು ಮೈಸೂರಿನ ಕ್ಯಾಥೊಲಿಕರು. ನಾವು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಅನ್ನುವುದಕ್ಕೆ ಅವರ ಹಿರಿಯರು ಜ್ಞಾನಸ್ನಾನ ಅನ್ನುತ್ತಾರೆ. ನಮಗೆ ಯೋಹಾನ, ಅವರಿಗೆ ಯೊವಾನ್ನ. ಇಂಗ್ಲಿಷಿನಲ್ಲಿ ಇಬ್ಬರೂ ಜಾನ್.

ಹೆಸರಿನ ಪಟ್ಟಿಗೆ ಇಂಟರ್ನೆಟ್ಟಿನಲ್ಲಿ ಬರವಿಲ್ಲ. ಎಲ್ಲದರ ಮುಂದೆಯೂ ಹೀಬ್ರೂ ಅರ್ಥ ಕೊಟ್ಟಿರುತ್ತಾರೆ. ಆದರೆ ಆ ಹೆಸರನ್ನು ಕನ್ನಡದ ಮನೆಯಲ್ಲಿ ಕೂಗಿದರೆ ಹೇಗೆ ಕೇಳುತ್ತದೆ ಅಂತ ಯಾರೂ ಬರೆಯುವುದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ಉದ್ದದ ಹೆಸರಾದರೆ ಹೇಗಿದ್ದರೂ ನಡೆಯುತ್ತದೆ, ಮನೆಯವರು ತಮಗೆ ಬೇಕಾದಂತೆ ಕತ್ತರಿಸಿಕೊಳ್ಳುತ್ತಾರೆ. ಭಾವನ ಮನೆಯಲ್ಲಿ ಒಬ್ಬರು ಫಿಲೋಮಿನ ಇದ್ದಾರೆ, ಎಲ್ಲರ ಬಾಯಲ್ಲೂ ಅವರು ಮೀನಾ. (ಆ ಸಂತಳ ಹಬ್ಬವನ್ನು 1961ರಲ್ಲಿ ರೋಮ್‌ನವರು ಪಂಚಾಂಗದಿಂದ ತೆಗೆದರು. ಮೈಸೂರಿನವರು ಹೆಸರನ್ನು ಬಿಡಲಿಲ್ಲ. ದೊಡ್ಡ ಚರ್ಚೇ ಆ ಹೆಸರಿನಲ್ಲಿರುವಾಗ ಬಿಡುವುದಾದರೂ ಹೇಗೆ?) ಎರಡಕ್ಷರದ ಹೆಸರಿಗೆ ಆ ಸೌಕರ್ಯವಿಲ್ಲ. ಪಕ್ಕದಲ್ಲೇ ಒಂದು ಕನ್ನಡ ಪದ ಕಾದು ಕೂತಿರುತ್ತದೆ.

ಈಗ ಎಲ್ಲರೂ ಇಡುತ್ತಿರುವ ನೋವಾ ತಗೊಳ್ಳಿ. ಕನ್ನಡ ಬೈಬಲಿನಲ್ಲಿ ನೋಹ. ಹೀಬ್ರೂ ಅರ್ಥ ವಿಶ್ರಾಂತಿ, ನೆಮ್ಮದಿ. ಇಂಗ್ಲಿಷಿನವರಂತೆ ನೋವಾ ಅಂತ ಕೂಗಿದರೆ ನಮ್ಮ ಅಜ್ಜಿ "ಎಲ್ಲಿ ನೋವು?" ಅಂತ ಕೇಳುವುದು ಖಂಡಿತ. ಬೈಬಲಿನ ಅರಣ್ಯಕಾಂಡದ (ರಾಮಾಯಣದ್ದಲ್ಲ) 27ನೇ ಅಧ್ಯಾಯದಲ್ಲಿ ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ಗೆದ್ದ ಐವರು ಅಕ್ಕತಂಗಿಯರು ಬರುತ್ತಾರೆ. ಅವರಲ್ಲಿ ಒಬ್ಬಳ ಹೆಸರೂ ನೋವಾ. ಹೀಬ್ರೂವಿನಲ್ಲಿ ಅದು ಬೇರೆಯೇ ಹೆಸರು. ಕಥೆ ನನಗೆ ತುಂಬಾ ಇಷ್ಟ. ಹೆಸರು ಮಾತ್ರ ಇಲ್ಲಿ ನಡೆಯಲ್ಲ.

ಏಲಿ ಅನ್ನುವುದು ಪ್ರವಾದಿ ಸಮುವೇಲನನ್ನು ಬೆಳೆಸಿದ ಯಾಜಕನ ಹೆಸರು. ಸ್ವಲ್ಪ ಗಿಡ್ಡ ಮಾಡಿ ಎಲಿ ಅಂದರೆ ಧಾರವಾಡದಲ್ಲಿ ಎಲಿ ಅಡಿಕಿ ನೆನಪಾಗುತ್ತದೆ. ಮೈಸೂರಿನಲ್ಲಿ ಇಲಿ. ಲೇಯಾ ಅಂತ ಕರೆದರೆ ಮೊದಲು ಕೇಳುವುದೇ "ಲೇ". ಪಾಲ್ ಕನ್ನಡದ ಬಾಯಲ್ಲಿ ಪಾಲು ಆಗುತ್ತಾನೆ, ಆಸ್ತಿ ಭಾಗ ಆದಂತೆ. ಯೋನನಿಗೆ ಹೀಬ್ರೂವಿನಲ್ಲಿ ಪಾರಿವಾಳ ಅನ್ನುವ ಚೆಂದದ ಅರ್ಥವಿದೆ, ಆದರೆ ಕೊನೆಯ ಸ್ವರ ಬದಲಾದರೆ ಏನಾಗುತ್ತದೆ ಅಂತ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹೈಸ್ಕೂಲಿನ ಹುಡುಗರಿಗೆ ಅದು ಒಂದೇ ದಿನದಲ್ಲಿ ಹೊಳೆಯುತ್ತದೆ.

ಸಾರಾ ಮಾತ್ರ ಪಾರಾಗುತ್ತಾಳೆ. ಸಾರ ಅಂದರೆ ನಮಗೂ ಒಳ್ಳೆಯ ಅರ್ಥವೇ. ಆದಿಕಾಂಡದ 17ನೇ ಅಧ್ಯಾಯದಲ್ಲಿ ಗಂಡನ ಹೆಸರು ಉದ್ದವಾಗುತ್ತದೆ, ಅಬ್ರಾಮ ಹೋಗಿ ಅಬ್ರಹಾಮ. ಹೆಂಡತಿಯದು ಗಿಡ್ಡವಾಗುತ್ತದೆ, ಸಾರಯ ಹೋಗಿ ಸಾರಾ. ಕನ್ನಡಿಗರ ಪುಣ್ಯ. ಸಾರಯ ಹಾಗೇ ಉಳಿದಿದ್ದರೆ ಸಾರಾಯಿಗೆ ಎಷ್ಟು ದೂರ ಹೇಳಿ!

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ಹೆಣ್ಣಾದರೆ ತಂಗಿಗೆ ಮನಸ್ಸಿರುವುದು ಹನ್ನ ಅನ್ನುವ ಹೆಸರಿನ ಮೇಲೆ. ಸಮುವೇಲನ ತಾಯಿ ಹನ್ನ. ಕೃಪೆ, ದಯೆ ಅನ್ನುವ ಅರ್ಥದ ಹೀಬ್ರೂ ಮೂಲ. ಯೋಹಾನ ಅನ್ನುವ ಹೆಸರಿನ 'ಹಾನ' ಕೂಡ ಅದೇ ಬೇರಿನದು. ಹನ್ನ ಗ್ರೀಕಿಗೆ ಹೋದಾಗ 'ಹ' ಬಿದ್ದು ಅನ್ನ ಆಯಿತು. ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ದೇವಾಲಯದಲ್ಲಿ ಬರುವ ಮುದುಕಿ ಅನ್ನ. ಯೇಸುವಿನ ತಾಯಿ ಮರಿಯಮ್ಮ, ಅವರ ತಾಯಿಯ ಹೆಸರೂ ಪರಂಪರೆಯ ಪ್ರಕಾರ ಅನ್ನ, ಬೈಬಲಿನಲ್ಲಿ ಆ ಹೆಸರು ಬರುವುದಿಲ್ಲ. ಭಾವನ ಮನೆಯಲ್ಲಿ ಅವರು ಸಂತ ಅನ್ನಮ್ಮ, ಜುಲೈ 26ಕ್ಕೆ ಹಬ್ಬ. ಹಾಗಾಗಿ ಭಾವನ ತಾಯಿ ಹೇಳುವುದು: ಇಡುವುದಾದರೆ ಅನ್ನ ಅಂತಲೇ ಇಡಿ, ಅದೇನು ಹನ್ನ?

ಅನ್ನ ಅಂದರೆ ಊಟ. "ಅನ್ನಾ, ಅನ್ನ ಉಣ್ಣು ಬಾ" ಅನ್ನಬೇಕು. ನ ಸ್ವಲ್ಪ ದಪ್ಪವಾದರೆ ಹೆಣ್ಣುಮಗು ಅಣ್ಣ ಆಗುತ್ತದೆ. ಅಮ್ಮ ಸೇರಿಸಿದರೆ ಬೆಂಗಳೂರಿನ ಅಣ್ಣಮ್ಮ ದೇವಿ. ಸರಿ, ಹನ್ನ ಅಂತಲೇ ಇಡೋಣ ಅಂದರೆ ಹಳೇ ಮೈಸೂರಿನ ಹಳ್ಳಿಯ ಮಾತಿನಲ್ಲಿ ಹಾಲು ಆಲು, ಹಸು ಅಸು. ಗ್ರೀಕರು ಮಾಡಿದ್ದನ್ನೇ ಮಂಡ್ಯದವರೂ ಮಾಡುತ್ತಾರೆ, ಹನ್ನ ಮತ್ತೆ ಅನ್ನ! ನಮ್ಮ ಕಡೆ 'ಹ' ಉಳಿಯುತ್ತದೆ, ಆದರೆ ಹಣ್ಣು ಕಾಡುತ್ತದೆ.

ಬರೆಯುವುದಾದರೂ ಹೇಗೆ? ಕನ್ನಡದಲ್ಲಿ 'ಅ' ಕೊನೆಯ ಹೆಸರು ಗಂಡಸಿನದು ಅನಿಸುತ್ತದೆ: ರಾಮ, ಬಸವ, ಲೂಕ, ಪೌಲ. ಬೈಬಲಿನವರು ವಾಕ್ಯದಲ್ಲಿ ಹನ್ನಳು, ರೂತಳು ಅಂತ 'ಳು' ಸೇರಿಸಿ ಈ ತೊಡಕು ಬಿಡಿಸಿಕೊಂಡರು. ಜನನ ಪ್ರಮಾಣಪತ್ರದಲ್ಲಿ ಹನ್ನಳು ಅಂತ ಬರೆಸುವುದಕ್ಕೆ ಆಗಲ್ಲ. ಹನ್ನ ಅಂತ ಬರೆಸಿದರೆ ನಾಳೆ ಯಾವುದೋ ಕಚೇರಿಯವರು "ಹನ್ನನ ಅರ್ಜಿ" ಅಂತ ಬರೆದಾರು. ದೀರ್ಘ ಹಾಕಿ ಹನ್ನಾ ಅಂದರೆ ಉಮಾ, ಸುಧಾ, ರಮಾ ಇವರ ಸಾಲಿಗೆ ಸೇರುತ್ತಾಳೆ. ಹನ್ನಾಳಿಗೆ ಅಂತ ಬರೆಯಬಹುದು, ಮಾತಿನಲ್ಲಿ ಹನ್ನಾಗೆ ಅನ್ನಬಹುದು. ನನ್ನ ಓಟು ಹನ್ನಾಗೆ. ಆದರೆ ನಮ್ಮ ಸಭೆಯ (ಚರ್ಚಿನ) ಹಿರಿಯರೊಬ್ಬರು ಅದು ಇಂಗ್ಲಿಷಿನ ಪ್ರಭಾವ, ಕನ್ನಡ ಬೈಬಲಿನಲ್ಲಿರುವುದು ಹ್ರಸ್ವ ಅಂತ ಹಿಡಿದು ಕೂತಿದ್ದಾರೆ.

ಗಂಡಾದರೆ ಇಷ್ಟು ಕಷ್ಟವಿಲ್ಲ. ಲೂಕ ಚೆನ್ನಾಗಿದೆ: ಲೂಕನಿಗೆ, ಲೂಕನ, ಲೂಕಾ ಬಾ. ಕನ್ನಡದ ವಿಭಕ್ತಿ ಸಲೀಸಾಗಿ ಕೂರುತ್ತದೆ. ಲ್ಯೂಕ್ ಅಂದರೆ "ಲ್ಯೂಕ್‌ಗೆ" ಅನ್ನುವಾಗ ನಾಲಿಗೆ ಒಂದು ಗಳಿಗೆ ನಿಲ್ಲುತ್ತದೆ. ಎಜ್ರ ಕೂಡ ಇಷ್ಟ, ನೆರವು ಅಂತ ಅರ್ಥ. ತಂಗಿಯ ತಕರಾರು ಬೇರೆ: ಲೂಕ, ಪೇತ್ರ, ಯಾಕೋಬ ಇವೆಲ್ಲ ಪ್ರಸಂಗಪೀಠದ ಮೇಲಿನ ಹೆಸರುಗಳು, ಮನೆಯೊಳಗೆ ಯಾರೂ ಹಾಗೆ ಕರೆಯಲ್ಲ ಅಂತಾಳೆ. ಪುಸ್ತಕದಲ್ಲಿ ಯೋಸೇಫ, ಹಾಜರಿಯಲ್ಲಿ ಜೋಸೆಫ್, ಅದು ನಿಜವೇ.

ಆದರೆ ಹಿಂದಿನವರಿಗೆ ಈ ಸಂಕೋಚ ಇರಲಿಲ್ಲ. ಸರ್ವಜ್ಞನ ವಚನ ಕೂಡಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ತಂದೆ ದಾನಿಯೇಲಪ್ಪ. ಹೀಬ್ರೂ ಪ್ರವಾದಿಗೆ 'ಅಪ್ಪ' ಸೇರಿಸಿ ನಮ್ಮವನನ್ನಾಗಿ ಮಾಡಿಕೊಂಡರು. ಮಗನಿಗೆ ಚನ್ನಪ್ಪ ಅಂತಲೇ ಇಟ್ಟರು. ಮೈಸೂರು ಕಡೆಯಲ್ಲಿ ಇನ್ನೂ ಮಜಾ. ಇನ್ನಾಸಪ್ಪ ಅಂದರೆ ಇಗ್ನೇಷಿಯಸ್. ಚಿನ್ನಪ್ಪ ಅಂದರೆ ಪೌಲ. ಇಲ್ಲಿ ಚಿನ್ನಕ್ಕೂ ಬಂಗಾರಕ್ಕೂ ಸಂಬಂಧವಿಲ್ಲ, ಲ್ಯಾಟಿನಿನ ಪೌಲುಸ್ ಅಂದರೆ ಸಣ್ಣವನು, ತಮಿಳಿನ ಚಿನ್ನ ಅಂದರೂ ಅದೇ. ಭಾವನ ಅಜ್ಜನ ಹೆಸರು ಚೌರಪ್ಪ, ಅಂದರೆ ಕ್ಸೇವಿಯರ್. ಆ ಹೆಸರು ಸ್ಪೇನಿನ ನವಾರ ಸೀಮೆಯ ಒಂದು ಊರಿನದು. ಬಾಸ್ಕ್ ಭಾಷೆಯಲ್ಲಿ ಅದರ ಮೂಲಕ್ಕೆ ಹೊಸ ಮನೆ ಅಂತ ಅರ್ಥ. ನಮ್ಮ ಮನೆತನದ ಹೆಸರು ಹೊಸಮನಿ! ಎರಡು ಮನೆಯವರಿಗೂ ಇದನ್ನು ಹೇಳಿದೆ. ನಕ್ಕರು, ಆದರೆ ಕೂಸಿಗೆ ಚೌರ ಅಂತ ಇಡಲು ಯಾರೂ ಒಪ್ಪಲಿಲ್ಲ. ಪಕ್ಕದಲ್ಲಿ ಕ್ಷೌರ ಇದೆಯಲ್ಲ.

ಕರಾವಳಿಯ ಕೊಂಕಣಿಯವರಲ್ಲಿ ಚಿಕ್ಕ ಹೆಸರಿಗೆ ಒಳ್ಳೆಯ ರೂಪಗಳಿವೆ: ಜುಜೆ, ಪೆದ್ರು, ಪಾವ್ಲು. ಪೋರ್ಚುಗೀಸ್ ಹೆಸರನ್ನು ಬಾಯಲ್ಲಿ ಉರುಟಿಸಿ ಉರುಟಿಸಿ ನುಣುಪು ಮಾಡಿಕೊಂಡಿದ್ದಾರೆ. ನಮಗೆ ಅದನ್ನು ಎರವಲು ತರುವುದು ಸರಿಹೋಗಲ್ಲ.

ಬೈಬಲ್ ಹೆಸರೇ ಯಾಕೆ, ಕೃಪಾ, ದಯಾ, ಕರುಣಾ ಅಂತ ಇಡಬಹುದಲ್ಲ ಅಂತ ಯಾರಾದರೂ ಕೇಳಬಹುದು. ಇಡಬಹುದು, ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಕ್ಯಾಥೊಲಿಕರಿಗೂ ಈಗ ಅಡ್ಡಿಯಿಲ್ಲ. 1917ರ ಚರ್ಚ್ ಕಾನೂನಿನಲ್ಲಿ ಕ್ರೈಸ್ತ ಹೆಸರು ಇಡದಿದ್ದರೆ ಪಾದ್ರಿಯೇ ಒಬ್ಬ ಸಂತರ ಹೆಸರು ಸೇರಿಸಬೇಕಿತ್ತು. 1983ರ ಕಾನೂನಿನ 855ನೇ ವಿಧಿ ಕ್ರೈಸ್ತ ಮನೋಭಾವಕ್ಕೆ ಹೊರತಾದ ಹೆಸರು ಬೇಡ ಅನ್ನುತ್ತದೆ, ಅಷ್ಟೇ. ಆದರೆ ತಂಗಿಗೆ ಬೈಬಲ್ ಹೆಸರೇ ಬೇಕು. ಅವಳ ಮಗು, ಅವಳ ಇಷ್ಟ.

ಬಲ್ಲವರು ಹೇಳಬೇಕಾದದ್ದು: ಗದಗ, ಬಿಜಾಪುರ, ಕೊಳ್ಳೇಗಾಲ, ಚಾಮರಾಜನಗರದ ಕಡೆ ಹನ್ನ ಅನ್ನುವ ಹೆಣ್ಣುಮಕ್ಕಳನ್ನು ಮನೆಯಲ್ಲಿ ಹೇಗೆ ಕೂಗುತ್ತಾರೆ? ಹನ್ನವ್ವ, ಹನ್ನಮ್ಮ ಅನ್ನುವುದನ್ನು ಯಾರಾದರೂ ಕಿವಿಯಾರೆ ಕೇಳಿದ್ದೀರಾ? ಹಳೆಯ ಸಭಾ ದಾಖಲೆಗಳಲ್ಲಿ ಹ್ರಸ್ವ ಇದೆಯೋ ದೀರ್ಘವೋ? ಹಾಗೇ ರೂತ್ ಅನ್ನುವವರು ಮಾತಿನಲ್ಲಿ ರೂತು ಆಗುತ್ತಾರೋ ರೂತಿ ಆಗುತ್ತಾರೋ? ಹನ್ನಾ ಬಿದ್ದುಹೋದರೆ ಮುಂದಿನದು ಅದೇ.

ಅವಸರವೇನಿಲ್ಲ. ಜನನ ನೋಂದಣಿಯನ್ನು ಹೆಸರಿಲ್ಲದೆ ಮಾಡಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದರೆ ಭಾವನ ತಾಯಿ ಅಷ್ಟು ದಿನ ಕಾಯುವವರಲ್ಲ, ಆದಷ್ಟು ಬೇಗ ಬರೆಯಿರಿ.