ಅಪ್‌ಡೇಟ್: ಅಂಕೋಲಾದ ಮೀನು ಹೊಂಡಕ್ಕೆ ಸೋಲಾರ್ ಹಾಕಿಸಿದೆ

ಹೋದ ಬೇಸಿಗೆಯಲ್ಲಿ ಕೇಳಿದ್ದೆ: ಕಾಟ್ಲಾ, ರೋಹು ಸಾಕುವ ಸಣ್ಣ ಹೊಂಡದ ನೀರಿಗೆ ಗಾಳಿ ತುಂಬುವ ಯಂತ್ರಕ್ಕೆ (ಏರೇಟರ್) 1 ಕಿಲೋವ್ಯಾಟ್ ಪ್ಯಾನೆಲ್ ಸಾಕಾ ಅಂತ. ಸಾಲದು ಅಂದವರ ಮಾತೇ ನಿಜ.

ನನ್ನ ಲೆಕ್ಕ ತಪ್ಪಿದ್ದು ಮೋಟಾರಿನಲ್ಲಿ. ಅರ್ಧ ಎಚ್‌ಪಿ ಅಂದರೆ 370 ವ್ಯಾಟ್ ಅಂದುಕೊಂಡಿದ್ದೆ. ಮೀಟರ್ ಹಿಡಿದು ನೋಡಿದರೆ 480 ಎಳೆಯುತ್ತಿತ್ತು! ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಓಡಿಸಿದರೆ ಹತ್ತಿರ ಹತ್ತಿರ 4 ಯೂನಿಟ್. ಹಗಲು ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡಿ ಆಮ್ಲಜನಕ ಎಳೆದುಕೊಳ್ಳುತ್ತದೆ ಅಲ್ವಾ, ಅದಕ್ಕೇ ಯಂತ್ರ ರಾತ್ರಿ ಬೇಕು. ಒಂದು ದಿನ ನಸುಕಿನಲ್ಲಿ ಕರೆಂಟ್ ಹೋಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ಅದನ್ನು ಇನ್ನೂ ಮರೆತಿಲ್ಲ.

ಈಗ ಹಾಕಿಸಿದ್ದು 330 ವ್ಯಾಟಿನ 6 ಪ್ಯಾನೆಲ್, 12 ವೋಲ್ಟ್ 200 ಎಎಚ್‌ನ (ಆಂಪಿಯರ್-ಅವರ್) 4 ಬ್ಯಾಟರಿ. ಒಟ್ಟು 9.6 ಯೂನಿಟ್ ಹಿಡಿಯುತ್ತದೆ, ಆದರೆ ಲೆಡ್ ಆಸಿಡ್ ಬ್ಯಾಟರಿ ಆದ್ದರಿಂದ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುವುದಿಲ್ಲ. ಇನ್ವರ್ಟರ್ ಮಾತ್ರ ದೊಡ್ಡದೇ ತಗೊಳ್ಳಿ. ಮೋಟಾರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ನನ್ನ ಹಳೆಯದು ಅದಕ್ಕೇ ಟ್ರಿಪ್ ಆಗುತ್ತಿತ್ತು.

ನಮ್ಮ ಕರಾವಳಿಯ ಜೂನ್, ಜುಲೈ ಮಳೆಗೆ ಇದೂ ಸಾಲುವುದಿಲ್ಲ. ಮೋಡ ಕವಿದ ದಿನ ಬ್ಯಾಟರಿ ಅರ್ಧವೂ ತುಂಬಲಿಲ್ಲ. ಅಂಥ ರಾತ್ರಿ ಲೈನ್ ಕರೆಂಟಿನಲ್ಲೇ ಓಡಿಸುತ್ತೇನೆ, ಅದೂ ಹೋದರೆ ಡೀಸೆಲ್ ಜನರೇಟರ್. ಮಳೆಗಾಲಕ್ಕೆಂದೇ ಪ್ಯಾನೆಲ್ ದುಪ್ಪಟ್ಟು ಮಾಡುವುದು ಸುಮ್ನೆ ದುಡ್ಡು ದಂಡ ಅಂತ ನನಗನಿಸಿತು.

ಉಪ್ಪು ಗಾಳಿಗೆ ಕಬ್ಬಿಣದ ಬೋಲ್ಟ್ ಆಗಲೇ ತುಕ್ಕು ಹಿಡಿದಿವೆ. ಈ ವಾರ ಎಲ್ಲ ಸ್ಟೀಲಿನದು ಹಾಕಿಸುತ್ತಿದ್ದೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.