ಮೈನ್‌ಕ್ರಾಫ್ಟ್ 1.12.2ಕ್ಕೆ ಬಿಟ್ಟ ಮಾಡ್, ಈಗ ಮತ್ತೆ ಶುರು ಮಾಡಬೇಕು. ಎಲ್ಲಿಂದ ಹಿಡಿಯಲಿ?

ಬೀಳುಭೂಮಿ:

ಎಲ್ಲರಿಗೂ ನಮಸ್ಕಾರ. ಜಾವಾ ಎಡಿಷನ್‌ಗೆ ಮಾಡ್ (ಆಟಕ್ಕೆ ಹೊಸದನ್ನು ಸೇರಿಸುವ ಕೋಡ್) ಬರೆಯುತ್ತಿದ್ದೆ, 1.12.2 ಕಾಲದಲ್ಲಿ, ಫೋರ್ಜ್ ಅನ್ನೋ ಲೋಡರ್‌ನಲ್ಲಿ (ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ತಂತ್ರಾಂಶ). ಆಮೇಲೆ ಕೆಲಸ ಜಾಸ್ತಿಯಾಗಿ ಬಿಟ್ಟೇ ಹೋಯಿತು. ಈಗ ಬಿಡುವು ಸಿಕ್ಕಿದೆ. ಹಳೇ ಸೋರ್ಸ್ ಕೋಡ್ ಪೂರ್ತಿ ಉಳಿದಿದೆ. ಮತ್ತೆ ಕೈ ಹಾಕಬೇಕು ಅನ್ನೋ ಆಸೆ ಜೋರಾಗಿದೆ.

ಮಾಡ್ ದೊಡ್ಡದೇನಲ್ಲ, ಮಣ್ಣಿನ ಸಾರದ್ದು. ಆಟದಲ್ಲಿ ಒಂದೇ ಹೊಲದಲ್ಲಿ ಎಷ್ಟು ಸಲ ಗೋಧಿ ತೆಗೆದರೂ ಮಣ್ಣಿಗೆ ಏನೂ ಆಗುವುದಿಲ್ಲ ಅಲ್ವಾ, ಅದು ನನಗೆ ಯಾವತ್ತೂ ಹಿಡಿಸಿಲ್ಲ. ಅದಕ್ಕೆ ನನ್ನದೇ ಹೊಲದ ಬ್ಲಾಕ್ ಒಂದನ್ನು ಮಾಡಿದ್ದೆ. ಅದೇ ಬೆಳೆ ಮತ್ತೆ ಮತ್ತೆ ಹಾಕಿದರೆ ಸಾರ ಇಳಿಯುತ್ತದೆ, ಪೈರು ನಿಧಾನವಾಗುತ್ತದೆ. ಬೆಳೆ ಬದಲಿಸಿದರೆ ಅಥವಾ ಬೀಳು ಬಿಟ್ಟರೆ ಸಾರ ಏರುತ್ತದೆ. ಪ್ರತಿ ಬ್ಲಾಕಿಗೂ ಒಂದು ಟೈಲ್ ಎಂಟಿಟಿ (ಬ್ಲಾಕಿನ ಹೆಚ್ಚಿನ ಮಾಹಿತಿ ಹಿಡಿದಿಡುವ ವಸ್ತು) ಇಟ್ಟಿದ್ದೆ. ಬೇರೆ ದಾರಿ ಇರಲಿಲ್ಲ. ಬ್ಲಾಕಿನ ಸ್ಥಿತಿ ಬರೆದಿಡುವ ಮೆಟಾಡೇಟಾ ಅಂದರೆ ಬರೀ 4 ಬಿಟ್, ಅದರಲ್ಲಿ ತೇವಾಂಶಕ್ಕೇ (0ರಿಂದ 7) 3 ಬಿಟ್ ಹೋಗುತ್ತಿತ್ತು. ದೊಡ್ಡ ಹೊಲ ಮಾಡಿದವರು ಲ್ಯಾಗ್ ಆಗುತ್ತದೆ ಅಂತ ಹೇಳುತ್ತಲೇ ಇದ್ದರು.

ಈಗ ಬಂದು ನೋಡಿದರೆ ಎಲ್ಲ ಬೇರೆ. ಫೋರ್ಜ್ ಜೊತೆಗೆ ಫ್ಯಾಬ್ರಿಕ್, ಕ್ವಿಲ್ಟ್, ನಿಯೋಫೋರ್ಜ್ ಅಂತ ಇವೆ. ಹಳೇ ಸೆಟಪ್ ಡಿಕಾಂಪ್ ವರ್ಕ್‌ಸ್ಪೇಸ್ ಕಮಾಂಡ್ ಕೊಟ್ಟರೆ ಅಂಥ ಟಾಸ್ಕೇ ಇಲ್ಲ ಅನ್ನುತ್ತದೆ. ಟೈಲ್‌ಎಂಟಿಟಿ ಅಂತ ಕ್ಲಾಸ್ ಹುಡುಕಿದರೆ ಸಿಗುವುದಿಲ್ಲ. ಹಳೇ ಕೋಡನ್ನು ಸಾಲು ಸಾಲಾಗಿ ಹೊಸದಕ್ಕೆ ತರಲು ಕೂರಬೇಕಾ, ಅಥವಾ ಬಿಸಾಕಿ ಹೊಸದಾಗಿ ಬರೆಯಬೇಕಾ? ಯಾವ ಆವೃತ್ತಿ, ಯಾವ ಲೋಡರ್? ಹಳೇ ಕೈ ಇರುವವರು ದಯವಿಟ್ಟು ಹೇಳಿ.

ಕೆಂಪುಕಲ್ಲು:

ಬಂದಿದ್ದು ಒಳ್ಳೆಯದಾಯಿತು. ನಿಮ್ಮ ಐಡಿಯಾ ಹಳೇ ಆವೃತ್ತಿಗಿಂತ ಹೊಸದಕ್ಕೇ ಚೆನ್ನಾಗಿ ಹೊಂದುತ್ತದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮೊದಲು ನೇರ ಉತ್ತರ. ಸಾಲು ಸಾಲಾಗಿ ತರಬೇಡಿ. 1.12.2ಕ್ಕೂ ಈಗಿನದಕ್ಕೂ ನಡುವೆ 2018ರ ಜುಲೈನಲ್ಲಿ ಬಂದ 1.13 ಇದೆ. ಬ್ಲಾಕುಗಳ ಅಂಕಿ ಐಡಿ, ಮೆಟಾಡೇಟಾ ಎರಡೂ ಅಲ್ಲಿಗೆ ಮುಗಿದವು. ಆಮೇಲೆ ಡೇಟಾ ಒಂದೊಂದಾಗಿ ಕೋಡಿನಿಂದ ಜೇಸನ್ ಫೈಲಿಗೆ (ಮಾಹಿತಿ ಬರೆದಿಡುವ ಪಠ್ಯ ಫೈಲ್) ಹೋಯಿತು. ನಿಮ್ಮ ಕಾಲಕ್ಕೆ ರೆಸಿಪಿ ಆಗಲೇ ಹೋಗಿತ್ತು. 1.14ರಲ್ಲಿ ಬ್ಲಾಕ್ ಒಡೆದರೆ ಏನು ಬೀಳಬೇಕು ಅನ್ನೋದೂ ಹೋಯಿತು. 1.17ರಿಂದ ಯಾವ ಬ್ಲಾಕಿಗೆ ಯಾವ ಹತಾರ ಅನ್ನೋದು ಕೂಡ ಟ್ಯಾಗ್ ಫೈಲಿನಲ್ಲಿ (ಒಂದು ಗುಂಪಿಗೆ ಏನೇನು ಸೇರುತ್ತದೆ ಅನ್ನೋ ಪಟ್ಟಿ). ಹಳೇ ಕೋಡಿನ ಅರ್ಧ ಕೆಲಸ ಈಗ ಕೋಡೇ ಅಲ್ಲ. 1.20.5ರಲ್ಲಿ ಐಟಂಗಳ ಎನ್‌ಬಿಟಿ (ಐಟಂ ಜೊತೆ ಮಾಹಿತಿ ಉಳಿಸುವ ಹಳೇ ರೀತಿ) ತೆಗೆದು ಡೇಟಾ ಕಾಂಪೊನೆಂಟ್ ತಂದರು, ಅದು ನಿಮ್ಮ ಮಾಡ್‌ಗೆ ಅಷ್ಟು ತಟ್ಟುವುದಿಲ್ಲ.

ಜಾವಾ ಕೂಡ ನೋಡಿಕೊಳ್ಳಿ. ನಿಮ್ಮದು ಜಾವಾ 8. 1.17ಕ್ಕೆ 16, 1.18ಕ್ಕೆ 17, 1.20.5ರಿಂದ 21 ಬೇಕು.

ಲೋಡರ್ ವಿಷಯ. ನಿಯೋಫೋರ್ಜ್ ಅನ್ನೋದು 2023ರಲ್ಲಿ ಫೋರ್ಜ್ ತಂಡದ ಬಹುಪಾಲು ಜನ ಹೊರಬಂದು ಶುರು ಮಾಡಿದ್ದು, ನಿಮ್ಮ ಹಳೇ ಅಭ್ಯಾಸಕ್ಕೆ ಅದೇ ಹತ್ತಿರ. ಫ್ಯಾಬ್ರಿಕ್ ಹಗುರ, ಹೊಸ ಆವೃತ್ತಿಗೆ ಬೇಗ ಬರುತ್ತದೆ, ನನಗೂ ಇಷ್ಟ. ಆದರೆ ನಿಮ್ಮ ಮಾಡ್ ಒಂದಕ್ಕೆ ಮಾತ್ರ ನಾನು ನಿಯೋಫೋರ್ಜ್ 1.21.1 ಅನ್ನುತ್ತೇನೆ. ಕಾರಣ ಇದು. ಪೈರು ನಿಲ್ಲಬೇಕಾದರೆ ಕೆಳಗಿರುವುದು ಆಟದ ಸ್ವಂತ ಫಾರ್ಮ್‌ಲ್ಯಾಂಡ್ ಬ್ಲಾಕೇ ಆಗಿರಬೇಕು ಅಂತ ಮೂಲ ಕೋಡ್ ನೋಡುತ್ತದೆ. ಫ್ಯಾಬ್ರಿಕ್‌ನಲ್ಲಿ ನಿಮ್ಮ ಸ್ವಂತ ಮಣ್ಣಿನ ಬ್ಲಾಕ್ ಒಪ್ಪಿಸಬೇಕಾದರೆ ಮಿಕ್ಸಿನ್ ಹಾಕಿ ಆ ಕೋಡನ್ನೇ ಬದಲಿಸಬೇಕು. ನಿಯೋಫೋರ್ಜ್‌ನಲ್ಲಿ ಈ ಗಿಡ ನನ್ನ ಮೇಲೆ ನಿಲ್ಲಬಹುದು ಅಂತ ಮಣ್ಣಿನ ಬ್ಲಾಕೇ ಹೇಳುವ ವ್ಯವಸ್ಥೆ ಇದೆ. ಪೈರು ಬೆಳೆಯುವ ಮೊದಲೇ ತಡೆಯಲು ಇವೆಂಟ್ ಕೂಡ ಇದೆ, ನೀವು 1.12.2ರಲ್ಲಿ ಬಳಸಿರುತ್ತೀರಿ.

ಈಗ ಖುಷಿಯ ವಿಷಯಕ್ಕೆ ಬರುತ್ತೇನೆ. ಟೈಲ್ ಎಂಟಿಟಿ (ಈಗ ಬ್ಲಾಕ್ ಎಂಟಿಟಿ) ನಿಮಗೆ ಬೇಕೇ ಇಲ್ಲ! 4 ಬಿಟ್ ಅನ್ನೋ ಮಿತಿ ಹೋಗಿದೆ, ಬ್ಲಾಕ್ ಸ್ಟೇಟ್‌ಗೆ (ಬ್ಲಾಕಿನ ಈಗಿನ ಸ್ಥಿತಿ) ಎಷ್ಟು ಗುಣ ಬೇಕಾದರೂ ಸೇರಿಸಬಹುದು. ತೇವಾಂಶ 8, ಸಾರ 8, ಹಿಂದಿನ ಬೆಳೆ ಯಾವ ಜಾತಿ ಅನ್ನೋದಕ್ಕೆ 4 ಅಂತಿಟ್ಟರೆ ಒಟ್ಟು 256 ಸ್ಟೇಟ್. ಜಾಸ್ತಿ ಅನ್ನಿಸಬಹುದು, ಆದರೆ ಆಟದ ರೆಡ್‌ಸ್ಟೋನ್ ತಂತಿಗೇ 1296 ಸ್ಟೇಟ್ ಇವೆ. ಹಿಂದಿನ ಬೆಳೆ ಅಂತ ಗೋಧಿ, ಕ್ಯಾರೆಟ್ ಹೆಸರನ್ನೇ ಬರೆಯಬೇಡಿ. ಧಾನ್ಯ, ಗೆಡ್ಡೆ, ಬಳ್ಳಿ, ಏನೂ ಇಲ್ಲ ಅಂತ ನಾಲ್ಕು ಗುಂಪು ಇಟ್ಟು, ಯಾವ ಪೈರು ಯಾವ ಗುಂಪಿಗೆ ಅನ್ನೋದನ್ನು ಟ್ಯಾಗ್ ಫೈಲಿಗೆ ಬಿಡಿ. ಆಗ ಬೇರೆ ಮಾಡ್‌ನ ಬೆಳೆಯನ್ನೂ ಮಾಡ್‌ಪ್ಯಾಕ್ (ಹಲವು ಮಾಡ್‌ಗಳ ಕಟ್ಟು) ಮಾಡುವವರು ಕೋಡ್ ಮುಟ್ಟದೆ ಸೇರಿಸಿಕೊಳ್ಳುತ್ತಾರೆ.

ಬೀಳು ಬಿಟ್ಟಾಗ ಸಾರ ಏರಿಸಲು ಪ್ರತಿ ಟಿಕ್ (ಆಟದ ಗಡಿಯಾರದ ಒಂದು ಹೆಜ್ಜೆ, ಸೆಕೆಂಡಿಗೆ 20) ಎಣಿಸುವ ಅಗತ್ಯವೂ ಇಲ್ಲ, ರ‍್ಯಾಂಡಮ್ ಟಿಕ್ ಸಾಕು. 16×16×16ರ ತುಂಡಿನಲ್ಲಿ 4096 ಬ್ಲಾಕ್, ಪ್ರತಿ ಟಿಕ್‌ಗೆ 3 ಬ್ಲಾಕ್ ಆರಿಸುತ್ತದೆ, ಹಾಗಾಗಿ ಒಂದು ಬ್ಲಾಕಿಗೆ ಸರಾಸರಿ 68 ಸೆಕೆಂಡಿಗೊಮ್ಮೆ ಸರದಿ ಬರುತ್ತದೆ. ಆಟದ ಒಂದು ದಿನ 20 ನಿಮಿಷ, ಅಂದರೆ ದಿನಕ್ಕೆ ಹೆಚ್ಚುಕಮ್ಮಿ 17-18 ಸರದಿ. 18ರಲ್ಲಿ ಒಂದು ಸಲ ಸಾರ ಏರಲಿ ಅಂತ ಇಟ್ಟರೆ ಒಂದು ಆಟದ ದಿನಕ್ಕೆ ಒಂದು ಮೆಟ್ಟಿಲು. ನಿಮ್ಮ ಹಳೇ ಲ್ಯಾಗ್ ದೂರು ಇಲ್ಲಿಗೆ ಮುಗಿಯಿತು.

ಒಂದು ಕಡೆ ಮಾತ್ರ ಹುಷಾರಾಗಿರಿ. ನೀರಿಲ್ಲದ, ಪೈರೂ ಇಲ್ಲದ ಹೊಲ ಒಣಗಿ ಮಾಮೂಲಿ ಮಣ್ಣಾಗಿ ಬಿಡುತ್ತದೆ ಅಲ್ವಾ, ಬೀಳು ಬಿಟ್ಟ ಹೊಲಕ್ಕೆ ಆಗುವುದು ಅದೇ. ಮಣ್ಣಾದರೆ ಸಾರದ ಲೆಕ್ಕವೂ ಹೋಯಿತು. ಮಣ್ಣಾಗಿಸುವ ಆ ಮೆಥಡ್ ಸ್ಟ್ಯಾಟಿಕ್, ಅದನ್ನು ಓವರ್‌ರೈಡ್ ಮಾಡಲು ಬರುವುದಿಲ್ಲ. ಅದನ್ನು ಕರೆಯುವ ಮುಖ್ಯ ಜಾಗಗಳನ್ನು, ಅಂದರೆ ರ‍್ಯಾಂಡಮ್ ಟಿಕ್ ಮತ್ತು ಮೇಲೆ ಹಾರಿ ತುಳಿದಾಗಿನ ಮೆಥಡ್ ಎರಡನ್ನೂ, ನೀವೇ ಬರೆಯಬೇಕು.

ಹಳೇಫೋರ್ಜ್:

ಮೇಲಿನವರ ಲೆಕ್ಕವೆಲ್ಲ ಸರಿ, ಆದರೆ ಹಳೇದನ್ನು ಬಿಡಲೇಬೇಕು ಅನ್ನೋದಕ್ಕೆ ನನ್ನ ತಕರಾರಿದೆ. 1.12.2 ಸತ್ತಿಲ್ಲ. 1.7.10 ಕೂಡ ಸತ್ತಿಲ್ಲ, 2014ರ ಆವೃತ್ತಿ ಅದು, ಅದರ ಮೇಲೆ ಗ್ರೆಗ್‌ಟೆಕ್ ನ್ಯೂ ಹೊರೈಜನ್ಸ್ ಪ್ಯಾಕ್ ಇವತ್ತಿಗೂ ಹೊಸ ಬಿಡುಗಡೆ ಕೊಡುತ್ತಿದೆ, ಅದೂ ಹೊಸ ಜಾವಾದ ಮೇಲೆ ಓಡುವ ಹಾಗೆ ಮಾಡಿಕೊಂಡು. ಹಳೇ ಫೋರ್ಜ್‌ಗ್ರೇಡಲ್ (ಫೋರ್ಜ್ ಮಾಡ್ ಕಟ್ಟುವ ಸಾಧನ) ಈಗಿನ ಮೆಷಿನ್‌ನಲ್ಲಿ ಎದ್ದೇಳುವುದಿಲ್ಲ ಅನ್ನೋ ಗೋಳಿಗೆ ರೆಟ್ರೋಫ್ಯೂಚುರಾಗ್ರೇಡಲ್ ಇದೆ, 1.7.10 ಮತ್ತು 1.12.2 ಎರಡಕ್ಕೂ ಆಗುತ್ತದೆ. 1.12.2ಕ್ಕೆ ಕ್ಲೀನ್‌ರೂಮ್ ಅನ್ನೋ ಲೋಡರ್ ಕೂಡ ಬಂದಿದೆ.

ನಿಮ್ಮ ಮಾಡ್ ಇಟ್ಟುಕೊಂಡು ಹಳೇ ವರ್ಲ್ಡ್ ಆಡುತ್ತಿರುವವರು ಇದ್ದರೆ ಅವರಿಗೆ ಹೊಸ ಆವೃತ್ತಿಯಿಂದ ಏನೂ ಸಿಗುವುದಿಲ್ಲ. ಅದೇ ವರ್ಲ್ಡನ್ನು 1.21ರಲ್ಲಿ ತೆರೆದರೆ ಆಟದ ಸ್ವಂತ ಬ್ಲಾಕುಗಳು ಹೊಸ ರೂಪಕ್ಕೆ ಬದಲಾಗುತ್ತವೆ, ಮಾಡ್ ಬ್ಲಾಕುಗಳು ಮಾಯ. ಹೊಲ ಇದ್ದ ಕಡೆ ಗುಂಡಿ. ಅಂಥವರಿಗೆ 1.12.2ರಲ್ಲೇ ಒಂದು ರಿಪೇರಿ ಬಿಡಿ ಅಂತ ನನ್ನ ಸಲಹೆ. ಟೈಲ್ ಎಂಟಿಟಿ ತೆಗೆದು ಸಾರದ ಅಂಕಿಯನ್ನು ಚಂಕ್ (ವರ್ಲ್ಡಿನ 16×16 ಅಗಲದ ತುಂಡು) ಜೊತೆ ಇಡಿ. ಚಂಕ್ ಸೇವ್ ಆಗುವಾಗಲೂ ಲೋಡ್ ಆಗುವಾಗಲೂ ಬರುವ ಚಂಕ್‌ಡೇಟಾಇವೆಂಟ್ ಅಲ್ಲೇ ಇದೆ. 256 ಕಾಲಂಗೆ ಒಂದು ಬೈಟ್ ಅರೇ ಸಾಕು, ಒಂದರ ಮೇಲೊಂದು ಹೊಲ ಕಟ್ಟುವವರಿಗೆ ಮಾತ್ರ ಎತ್ತರವನ್ನೂ ಸೇರಿಸಬೇಕು.

ಹಳೇದರಲ್ಲಿ ಸರ್ವರ್ ಎಬ್ಬಿಸುವುದಾದರೆ ಫೋರ್ಜ್ 1.12.2ರ ಕೊನೆಯ ಬಿಲ್ಡನ್ನೇ ಹಾಕಿ. 2021ರ ಡಿಸೆಂಬರ್‌ನಲ್ಲಿ ಸಿಕ್ಕಿದ ಲಾಗ್4ಜೆ (ಆಟ ಲಾಗ್ ಬರೆಯಲು ಬಳಸುವ ಜಾವಾ ಲೈಬ್ರರಿ) ತೂತು 1.7ರಿಂದ 1.18ರವರೆಗೆ ಎಲ್ಲದರಲ್ಲೂ ಇತ್ತು. ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಸರ್ವರ್ ಹಿಡಿಯಬಹುದಾಗಿತ್ತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗುದ್ದಲಿ:

ನಂದು ಸಣ್ಣ ಸಣ್ಣ ವಿಷಯ.

ಅಕೌಂಟ್ ತೆರೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ. ಹಳೇ ಮೊಜಾಂಗ್ (ಆಟ ಮಾಡಿದ ಕಂಪನಿ) ಅಕೌಂಟನ್ನು ಮೈಕ್ರೋಸಾಫ್ಟ್‌ಗೆ ಬದಲಿಸಿಕೊಳ್ಳುವ ಗಡುವು 2023ರ ಸೆಪ್ಟೆಂಬರ್ 19ಕ್ಕೆ ಮುಗಿದಿದೆ. ಅಷ್ಟರಲ್ಲಿ ಬದಲಿಸಿರದಿದ್ದರೆ ಆಟ ಮತ್ತೆ ಕೊಳ್ಳಬೇಕಾಗುತ್ತದೆ.

ಹೆಸರುಗಳ ಬಗ್ಗೆ. ಆಟದ ಕೋಡಿನ ನಿಜ ಹೆಸರುಗಳನ್ನು ಮರೆಮಾಚಿ ಕೊಡುತ್ತಿದ್ದರು. ನಮ್ಮ ಕಾಲದಲ್ಲಿ ಕ್ರ್ಯಾಶ್ ರಿಪೋರ್ಟ್ ತೆರೆದರೆ ಫಂಕ್ ಅಂಡರ್‌ಸ್ಕೋರ್ ಅಂಕಿ ಅಂತ ಬರುತ್ತಿತ್ತು, ಅದಕ್ಕೆ ಜನರೇ ಹೆಸರು ಕಟ್ಟಿ ಎಂಸಿಪಿ ಪಟ್ಟಿ ಮಾಡಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಮೊಜಾಂಗ್ ತನ್ನ ಹೆಸರುಗಳ ಪಟ್ಟಿಯನ್ನೇ ಕೊಟ್ಟಿತು. ನೀವು ಹುಡುಕುತ್ತಿರುವ ಟೈಲ್‌ಎಂಟಿಟಿ ಅದರಲ್ಲಿ ಬ್ಲಾಕ್‌ಎಂಟಿಟಿ, ವರ್ಲ್ಡ್ ಅನ್ನೋದು ಲೆವೆಲ್, ಕಂಟೇನರ್ ಅನ್ನೋದು ಮೆನು. 2025ರ ಅಕ್ಟೋಬರ್‌ನಲ್ಲಿ ಇನ್ನು ಮುಂದೆ ಜಾವಾ ಎಡಿಷನ್‌ನ ಕೋಡನ್ನು ಮರೆಮಾಚುವುದೇ ಇಲ್ಲ ಅಂತಲೂ ಹೇಳಿದರು. ಹೆಸರಿಗಾಗಿ ಅಷ್ಟು ವರ್ಷ ಒದ್ದಾಡಿದ ನಮಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹೊಸಬರಿಗೆ ಗೊತ್ತಾಗುವುದು ಕಷ್ಟ.

ಲೈಸೆನ್ಸ್ ಹಾಕಿ, ದಯವಿಟ್ಟು. ನೀವು ಬಿಟ್ಟು ಹೋದ ಮೇಲೆ ಯಾರಾದರೂ ಮುಂದುವರಿಸೋಣ ಅಂದುಕೊಂಡಿದ್ದರೂ ಲೈಸೆನ್ಸ್ ಇಲ್ಲದ ಕೋಡ್ ಮುಟ್ಟುವ ಹಾಗಿಲ್ಲ. ಎಷ್ಟೋ ಒಳ್ಳೆಯ ಮಾಡ್‌ಗಳು ಹೀಗೇ ನಿಂತು ಹೋಗಿವೆ. ಎಂಐಟಿ ಹಾಕಿ, ಎಲ್‌ಜಿಪಿಎಲ್ ಹಾಕಿ, ಯಾವುದೋ ಒಂದು ಹಾಕಿ.

ಬೀಳುಭೂಮಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕೌಂಟ್ ಸರಿ ಇದೆ. ಹೊಸದಾಗಿ 1.21.1ರಲ್ಲಿ ಬರೆಯುತ್ತೇನೆ, 1.12.2ಕ್ಕೆ ಚಂಕ್ ರಿಪೇರಿಯನ್ನೂ ಕೊಡುತ್ತೇನೆ, ಅವರ ಹೊಲ ಹಾಳಾಗಬಾರದು. ಎರಡಕ್ಕೂ ಎಂಐಟಿ.

ನಿಯೋಫೋರ್ಜ್ ಟೆಂಪ್ಲೇಟ್ ಇಳಿಸಿ ಇಂಟೆಲಿಜೆಯಲ್ಲಿ ತೆರೆದೆ, ಯಾವ ಸೆಟಪ್ ಕಮಾಂಡೂ ಕೇಳಲಿಲ್ಲ. ಡಿಫರ್ಡ್ ರಿಜಿಸ್ಟರ್‌ನಲ್ಲಿ ಬ್ಲಾಕ್ ಸೇರಿಸಿದೆ. ಆಟದಲ್ಲಿ ಕಾಣುತ್ತದೆ, ಗೋಧಿಯೂ ನಿಲ್ಲುತ್ತದೆ. ಆದರೆ ಒಡೆದರೆ ಏನೂ ಬೀಳುತ್ತಿಲ್ಲ. ಸಲಿಕೆಯಲ್ಲಿ ಅಗೆದರೂ ಬರಿಗೈ ಥರಾನೇ ನಿಧಾನ. ಲೂಟ್ ಟೇಬಲ್ (ಒಡೆದರೆ ಏನು ಬೀಳಬೇಕು ಅನ್ನೋ) ಫೈಲ್ ಹಾಕಿದ್ದೇನೆ, ಒಂದು ಟ್ಯುಟೋರಿಯಲ್ ನೋಡಿಕೊಂಡು. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಕೆಂಪುಕಲ್ಲು:

ಎರರ್ ಬರುವುದಿಲ್ಲ, ಅದೇ ಇದರ ತೊಂದರೆ. ನೀವು ನೋಡಿದ ಟ್ಯುಟೋರಿಯಲ್ 1.20ರದ್ದಿರಬೇಕು. 1.21ರಲ್ಲಿ ಡೇಟಾ ಫೋಲ್ಡರುಗಳ ಹೆಸರು ಬದಲಾಯಿತು, ಲೂಟ್_ಟೇಬಲ್ಸ್ ಅನ್ನೋದು ಲೂಟ್_ಟೇಬಲ್ ಆಯಿತು, ರೆಸಿಪೀಸ್ ಹೋಗಿ ರೆಸಿಪಿ ಆಯಿತು. ಹಳೇ ಹೆಸರಿನ ಫೋಲ್ಡರನ್ನು ಆಟ ಓದುವುದೇ ಇಲ್ಲ, ಓದದ ಫೈಲಿಗೆ ಎರರ್ ಎಲ್ಲಿಂದ ಬರಬೇಕು. ಗೊಂದಲ ಏನೆಂದರೆ ಲೂಟ್_ಟೇಬಲ್ ಒಳಗಿನ ಬ್ಲಾಕ್ಸ್ ಫೋಲ್ಡರ್ ಹಾಗೇ ಬ್ಲಾಕ್ಸ್ ಆಗಿ ಉಳಿದಿದೆ. ಟ್ಯಾಗ್ಸ್ ಒಳಗಿನದು ಮಾತ್ರ ಬ್ಲಾಕ್ ಆಗಿದೆ. ಎರಡನ್ನೂ ಒಂದೇ ಥರ ಮಾಡಬೇಡಿ.

ಸಲಿಕೆಗೆ ಮೈನೇಬಲ್ ಒಳಗಿನ ಶವಲ್ ಟ್ಯಾಗ್‌ಗೆ ನಿಮ್ಮ ಬ್ಲಾಕ್ ಸೇರಿಸಿ. ಅದನ್ನು ನಿಮ್ಮ ಮಾಡ್ ಹೆಸರಿನ ಕೆಳಗಲ್ಲ, ಡೇಟಾದಲ್ಲಿ ಮೈನ್‌ಕ್ರಾಫ್ಟ್ ಹೆಸರಿನ ಕೆಳಗೆ ಇಡಬೇಕು. ಇವನ್ನೆಲ್ಲ ಕೈಯಲ್ಲಿ ಬರೆಯುವುದಕ್ಕಿಂತ ಡೇಟಾ ಜನರೇಟರ್ ಕ್ಲಾಸ್ ಒಂದು ಬರೆದು ರನ್ ಡೇಟಾ ಕೊಡಿ, ಫೈಲುಗಳು ಸರಿಯಾದ ಫೋಲ್ಡರಿನಲ್ಲಿ ತಾವೇ ಹುಟ್ಟುತ್ತವೆ. ಮುಂದೆ ಮತ್ತೆ ಹೆಸರು ಬದಲಾದರೂ ಮತ್ತೆ ರನ್ ಮಾಡಿದರೆ ಆಯಿತು.

ಗುದ್ದಲಿ:

ನಾನು ಆಡುವವನಾಗಿ ಒಂದು ಕೇಳಿಕೊಳ್ಳಲಾ? ಸಾರ ಎಷ್ಟಿದೆ ಅಂತ ಮಣ್ಣು ನೋಡಿದರೇ ಗೊತ್ತಾಗಬೇಕು. ಅಂಕಿ ತೋರಿಸಬೇಡಿ. ಸಾರ ಕಮ್ಮಿಯಾದ ಮಣ್ಣು ಬಿಳಿಚಿಕೊಳ್ಳಲಿ, ಸಾರ ಇರುವುದು ಕಪ್ಪಗಿರಲಿ. ಹೊಲದ ಅಂಚಿನಲ್ಲಿ ನಿಂತು ಈ ಪಟ್ಟಿಗೆ ಈ ಸಲ ಗೆಡ್ಡೆ, ಆ ಪಟ್ಟಿ ಬೀಳು ಅಂತ ಲೆಕ್ಕ ಹಾಕುವುದೇ ಈ ಮಾಡ್‌ನ ಮಜಾ ಅಂತ ನನ್ನ ಎಣಿಕೆ.

ಬೀಳುಭೂಮಿ:

ಲೂಟ್ ಟೇಬಲ್ ಸರಿ ಹೋಯಿತು, ಮಣ್ಣು ಬಿತ್ತು! ಸಲಿಕೆಯೂ ಈಗ ಚುರುಕು.

ಬಣ್ಣ ಖಂಡಿತ ಮಾಡುತ್ತೇನೆ. 1.12.2ರಲ್ಲಿ ಅದಕ್ಕೆ ಕೈ ಹಾಕಲೇ ಇಲ್ಲ. ಎಂಟು ಟೆಕ್ಸ್ಚರ್ (ಬ್ಲಾಕಿನ ಮೇಲ್ಮೈ ಚಿತ್ರ) ಬರೆಯಬೇಕಾ?

ಕೆಂಪುಕಲ್ಲು:

ಬೇಡ, ಒಂದೇ ಸಾಕು. ಮಾಡೆಲ್‌ನ ಮೇಲ್ಮುಖಕ್ಕೆ ಟಿಂಟ್ ಇಂಡೆಕ್ಸ್ (ಈ ಮುಖಕ್ಕೆ ಕೋಡ್ ಬಣ್ಣ ಬಳಿಯಲಿ ಅನ್ನೋ ಗುರುತು) ಕೊಡಿ. ಕ್ಲೈಂಟ್ ಕಡೆ ಬ್ಲಾಕ್ ಕಲರ್ ರಿಜಿಸ್ಟರ್ ಮಾಡಿ ಸಾರದ ಅಂಕಿ ನೋಡಿ ಬಣ್ಣ ವಾಪಸ್ ಕೊಡಿ. ಹುಲ್ಲಿನ ಹಸಿರು ಜಾಗದಿಂದ ಜಾಗಕ್ಕೆ ಬದಲಾಗುವುದೂ ಹೀಗೇ. ಟಿಂಟ್ ಅಂದರೆ ಗುಣಾಕಾರ, ಅದರಿಂದ ಬಣ್ಣ ಕಪ್ಪಾಗಬಹುದೇ ಹೊರತು ಬೆಳ್ಳಗಾಗುವುದಿಲ್ಲ, ಹಾಗಾಗಿ ಮೂಲ ಟೆಕ್ಸ್ಚರ್ ಬಿಳಿಚಿದ ಮಣ್ಣಿನದೇ ಇರಲಿ. ಬ್ಲಾಕ್‌ಸ್ಟೇಟ್ ಫೈಲಿನಲ್ಲಿ ತೇವಾಂಶ ಮಾತ್ರ ಬರೆಯಿರಿ, ಬರೆಯದೆ ಬಿಟ್ಟ ಗುಣಗಳು ಯಾವ ಬೆಲೆಗಾದರೂ ಹೊಂದುತ್ತವೆ, 256 ಸಾಲು ಬರೆಯುವ ಕಷ್ಟ ಇಲ್ಲ.